ಬಾಲ ಆಡಿಸದ ಎಮ್ಮೆ

ಏಪ್ರಿಲ್ ಹನ್ನೊಂದು, ಶುಕ್ರವಾರ. ಸಂಜೆ ಐದರ ಸುಮಾರಿಗೆ ಹಳಿಯಾಳ ತಾಲೂಕಿನ ಒಂದು ಪೊಲೀಸ್ ಠಾಣೆಯ ಮುಂದೆ ಹಾಲಿನ ಟೆಂಪೊ ಒಂದು ಬಂದು ನಿಂತಿತು. ಹಿಂದೆ ಖಾಲಿ ಕ್ಯಾನುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಇಳಿದವರು ಇಬ್ಬರು. ಹಳ್ಳಿಯಲ್ಲಿ ಆರು ಎಮ್ಮೆ ಕಟ್ಟಿಕೊಂಡು ಹೈನ ಮಾಡುವ ಶಿವಗಂಗಾ ಮತ್ತು ಅವಳ ಮೈದುನ ಸಿದ್ದಲಿಂಗ. ಬಂದವರೇ ಎಮ್ಮೆ ಕಳುವಾಗಿದೆ ಎಂದರು.

ಪಿಎಸ್‌ಐ ಅಡಿವೆಯ್ಯ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಎಮ್ಮೆ ಕಳುವು ಅಂದರೆ ಅರ್ಧದಷ್ಟು ಸಲ ಎಮ್ಮೆ ಕೆರೆಯಲ್ಲಿ ಬಿದ್ದುಕೊಂಡಿರುತ್ತದೆ ಎಂಬುದು ಅವನ ಇಪ್ಪತ್ತು ವರ್ಷದ ಅನುಭವ.

"ಕೆರಿ ನೋಡೀರೇನ್ರೀ?"

"ನೋಡೇವ್ರಿ ಸಾಹೇಬ್ರ," ಸಿದ್ದಲಿಂಗ ಮುಂದೆ ಬಂದ. "ಕೆರಿ ನೋಡೇವಿ, ಹಳ್ಳ ನೋಡೇವಿ. ಹುಡುಕೂದ ಬ್ಯಾಡ್ರಿ. ಯಾರು ಒಯ್ದಾರ ಅನ್ನೂದು ಕ್ಯಾಮೆರಾದಾಗ ಐತಿ."

"ನಿನ್ನ ಎಮ್ಮಿ ಏನು?"

"ನಮ್ಮ ವೈನೀದು."

"ಹಂಗಾದ್ರ ಅವರು ಮಾತಾಡ್ಲಿ. ನೀ ಸುಮ್ಮನ ನಿಲ್ಲು."

ಶಿವಗಂಗಾ ಸೆರಗಿನಿಂದ ಮುಖ ಒರೆಸಿಕೊಂಡಳು. ಹೋದದ್ದು ಚಂದ್ರಿ. ಧಾರವಾಡಿ ತಳಿ, ಅರ್ಧಚಂದ್ರದ ಕೋಡು, ಕರು ಹಾಕಿ ಎರಡು ತಿಂಗಳು. ಕೊಟ್ಟಿಗೆ ನೋಡಿಕೊಳ್ಳುವವನು ಅಬ್ದುಲ್ ಕರೀಮ, ಗಂಡನ ಕಾಲದಿಂದ ಇದ್ದಾನೆ. ಪ್ರತಿ ಶುಕ್ರವಾರ ಮಧ್ಯಾಹ್ನ ಒಂದಕ್ಕೆ ಮಸೀದಿಗೆ ಹೋಗಿ ನಮಾಜು ಮುಗಿಸಿ ಎರಡೂವರೆಗೆ ಬರುವುದು ರೂಢಿ. ಆ ದಿನ ಅವಳು ಹಳಿಯಾಳಕ್ಕೆ ಮದುವೆಗೆ ಹೋಗಿದ್ದಳು. ಎರಡಕ್ಕೆ ಹತ್ತು ನಿಮಿಷವಿದ್ದಾಗ ಮೊಬೈಲ್ ತೆಗೆದು ಕೊಟ್ಟಿಗೆ ನೋಡಿದ್ದಳು.

"ಆರೂ ಇದ್ದುವ್ರಿ. ನನ್ನ ಕಣ್ಣಿಂದ ನೋಡೀನಿ."

"ಕರೀಮ ಏನಂತಾನ?"

"ಅಂವ ಎರಡಕ್ಕ ಬಂದೆ, ಆವಾಗ್ಲೆ ಚಂದ್ರಿ ಇರಲಿಲ್ಲ ಅಂತಾನ್ರಿ." ಅವಳ ದನಿ ಸಣ್ಣದಾಯಿತು. "ಆದ್ರ ಎರಡೂ ಹದಿನೆಂಟರ ತನಕ ಕ್ಯಾಮೆರಾದಾಗ ಚಂದ್ರಿ ನಿಂತಾಳ. ಅಂವ ಸುಳ್ಳು ಯಾಕ ಹೇಳ್ತಾನ ತಿಳೀವಲ್ದು."

ಭಾರತೀಯ ನ್ಯಾಯ ಸಂಹಿತೆಯ ಕಲಂ 303ರ ಅಡಿ ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೇಬಲ್ ಜಾಹೀದಾ ಬರೆದುಕೊಂಡಳು. ಆರೋಪಿ ಎಂಬ ಜಾಗದಲ್ಲಿ ಸಿದ್ದಲಿಂಗ ಕರೀಮನ ಹೆಸರು ಹೇಳಿದ. ಶಿವಗಂಗಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಜಾಹೀದಾ ಅಡಿವೆಯ್ಯನ ಮುಖ ನೋಡಿ 'ಅಪರಿಚಿತ' ಎಂದು ಬರೆದಳು.

ಬೆಳಕಿರುವಾಗಲೇ ಸ್ಥಳ ಪಂಚನಾಮೆಗೆ ಹೋದರು. ತಗಡಿನ ಉದ್ದನೆಯ ಕೊಟ್ಟಿಗೆ. ಗೋಡೆ ಅರ್ಧ, ಮೇಲರ್ಧಕ್ಕೆಲ್ಲ ಹಳೆಯ ಫ್ಲೆಕ್ಸ್ ಹಾಳೆಗಳು. ಆ ಕಡೆಯ ಎಲ್ಲ ಕೊಟ್ಟಿಗೆಗಳೂ ಹಾಗೆಯೇ. ಚುನಾವಣೆ ಮುಗಿದ ಮೇಲೆ, ಹುಟ್ಟುಹಬ್ಬ ಮುಗಿದ ಮೇಲೆ ಫ್ಲೆಕ್ಸ್ ಬಿಚ್ಚಿ ತಂದು ಬಿಸಿಲಿಗೊಂದು ಮಳೆಗೊಂದು ಕಟ್ಟುತ್ತಾರೆ. ಕೈ ಮುಗಿದು ನಗುವ ಮುಖಗಳ ನಡುವೆ ಐದು ಎಮ್ಮೆಗಳು ಮೆಲುಕು ಹಾಕುತ್ತಿದ್ದವು. ಆರನೆಯ ಗೂಟ ಖಾಲಿ. ಕರು ಅಲ್ಲೇ ನಿಂತು ಒದರುತ್ತಿತ್ತು. ಕ್ಯಾಮೆರಾ ಮೂಲೆಯ ತೊಲೆಯ ಮೇಲೆ.

ಅಂಗಳದಲ್ಲಿ ಆಗಲೇ ಜನ ನೆರೆದಿತ್ತು. ಹಿಂದಿನಿಂದ ಯಾರೋ ಗೊಣಗಿದರು: "ಎಮ್ಮಿ ಎಲ್ಲಿಗೆ ಹೋಗಿರ್ತೈತಿ ಅಂತ ಹೇಳಬೇಕೇನ್ರೀ? ಒಯ್ಯಾವರಿಗೆ ದಾರಿ ಗೊತ್ತಿರ್ತೈತಿ."

ಅಡಿವೆಯ್ಯ ತಿರುಗಿದ. "ಯಾವನಪಾ ಅಂವ? ಮುಂದ ಬಾ. ದಾರಿ ಗೊತ್ತಿದ್ರ ಸಾಕ್ಷಿ ಅಂತ ಬರಸ್ತೇನಿ, ಕೋರ್ಟಿಗೆ ವರ್ಷಗಟ್ಟಲೆ ಅಡ್ಡ್ಯಾಡು. ಗೊತ್ತಿಲ್ಲಂದ್ರ ಬಾಯಿ ಮುಚ್ಕೊಂಡು ಮನೀಗೆ ನಡಿ."

ಯಾರೂ ಮುಂದೆ ಬರಲಿಲ್ಲ.

ಕರೀಮ ಕೊಟ್ಟಿಗೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಅರವತ್ತರ ಹತ್ತಿರದ ಮನುಷ್ಯ. ಅಡಿವೆಯ್ಯ ಶಿವಗಂಗಾಳ ಮೊಬೈಲಿನಲ್ಲಿ ದೃಶ್ಯ ತೋರಿಸಿದ. ಚಿತ್ರ ಮಸುಕು, ಎಮ್ಮೆಗಳು ಕಪ್ಪು ಗುಡ್ಡಗಳ ಹಾಗೆ. ಆದರೆ ಎಣಿಸಿದರೆ ಆರು. ಎರಡೂ ಹದಿನೆಂಟಕ್ಕೆ ಚಿತ್ರ ಒಮ್ಮೆ ಒಡೆದು ಚೂರು ಚೂರಾಯಿತು. ಮತ್ತೆ ಕೂಡಿಕೊಂಡಾಗ ಐದೇ ಎಮ್ಮೆ. ಸ್ವಲ್ಪ ಹೊತ್ತಿಗೆ ಕರೀಮ ಓಡಿ ಬರುತ್ತಾನೆ.

"ಎರಡಕ್ಕ ಬಂದೆ ಅಂತೀ. ಎರಡಕ್ಕ ನೀ ಎಲ್ಲಿದ್ದೀ ಇದರಾಗ?"

"ಬಂದಿದ್ದೆ ಸಾಹೇಬ್ರ. ಮುಂಜಾನೆ ಚಂದ್ರಿ ಮೇವು ಮೂಸಿರಲಿಲ್ಲ. ಅದಕ್ಕ ನಮಾಜ್ ಮುಗಿದ ಕೂಡಲೆ ಬಂದೆ. ಗೂಟ ಖಾಲಿ ಇತ್ತು. ಹಗ್ಗ ಬಿಚ್ಕೊಂಡು ಹೋಗ್ಯಾಳ ಅಂತ ಕೆರೀಗೆ ಓಡಿದೆ. ಅಲ್ಲಿಂದ ತಿರುಗಿ ಬಂದದ್ದು ಇದು."

"ಹಂಗಾದ್ರ ಕ್ಯಾಮೆರಾ ಸುಳ್ಳು ಹೇಳ್ತೈತೇನು?"

"ಅದು ನನಗ ಹೆಂಗ ಗೊತ್ತಾಗಬೇಕ್ರಿ."

"ನಿನಗ ಗೊತ್ತಿಲ್ಲ, ನನಗ ಗೊತ್ತಿಲ್ಲ, ಎಮ್ಮಿಗೆ ಗೊತ್ತು. ಅದನ್ನ ಕರಿ ಹಂಗಾದ್ರ." ಅಡಿವೆಯ್ಯನ ದನಿ ಅಂಗಳದಾಚೆಗೂ ಕೇಳಿಸಿತು. "ನನ್ನ ಮುಂದ ಆಟ ಬ್ಯಾಡ. ಯಾರಿಗೆ ಕೊಟ್ಟೀ?"

ಕರೀಮ ತಲೆ ಎತ್ತಿದ. "ನನ್ನ ಒಳಗ ಹಾಕ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಮೊದಲ ಅಕೀನ ಹುಡುಕ್ರಿ. ನನ್ನ ಕೈ ಬಿಟ್ಟು ಬ್ಯಾರೆಯವರಿಗೆ ಹಾಲು ಇಳಿಸೂದಿಲ್ಲ ಅಕಿ. ನಾಳೆ ತನಕ ಹಿಂಡಲಿಲ್ಲ ಅಂದ್ರ ಕೆಚ್ಚಲ ಬಾತು ಕಲ್ಲಾಗ್ತೈತಿ. ಆಮ್ಯಾಲ ಅಕಿ ಜನ್ಮದಾಗ ಹಾಲು ಕೊಡೂದಿಲ್ಲ."

ಅಡಿವೆಯ್ಯನಿಗೆ ಅಲ್ಲಿ ಒಂದು ಮುಳ್ಳು ನೆಟ್ಟಿತು. ಎಮ್ಮೆಯನ್ನು ಮಾರಿ ಕೈತೊಳೆದವನಿಗೆ ಅದರ ಕೆಚ್ಚಲಿನ ಚಿಂತೆ ಯಾಕೆ? ಆದರೆ ಮುಳ್ಳು ಸಾಕ್ಷಿಯಲ್ಲ. ಕರೀಮನನ್ನು ವಿಚಾರಣೆಗೆಂದು ಜೀಪಿಗೆ ಹತ್ತಿಸಿದ. ಆ ಜನರ ನಡುವೆ ಅವನನ್ನು ಬಿಟ್ಟು ಬರುವುದಕ್ಕಿಂತ ಠಾಣೆಯ ಬೆಂಚೇ ವಾಸಿ ಎಂಬುದೂ ಮನಸ್ಸಿನಲ್ಲಿತ್ತು. ಬಾಯಿಬಿಟ್ಟು ಹೇಳುವ ಜಾಯಮಾನ ಅವನದಲ್ಲ.

ಶನಿವಾರ ಬೆಳಿಗ್ಗೆ ಜಾಹೀದಾ ಕ್ಯಾಮೆರಾ ಹಾಕಿದ್ದ ಮುಜಾಫರನನ್ನು ಠಾಣೆಗೆ ಕರೆಸಿದಳು. ಅವನ ಅಂಗಡಿ ಹಳಿಯಾಳ ಪೇಟೆಯಲ್ಲಿ. ಬಂದವನು ಸಾಹೇಬರ ಮೀಸೆ ನೋಡಿ ಬಾಗಿಲಲ್ಲೇ ನಿಂತ.

"ಈ ಚಿತ್ರ ಯಾಕ ಇಷ್ಟು ಹೊಲಸು?" ಅಡಿವೆಯ್ಯ ಕೇಳಿದ. "ರೊಕ್ಕ ತಗೊಂಡು ಕುರುಡ ಕ್ಯಾಮೆರಾ ಹಾಕಿಯೇನು?"

"ಕ್ಯಾಮೆರಾ ಚಲೋನ ಐತ್ರಿ. ಆ ಹಳ್ಳ್ಯಾಗ ವೈರ್ ಇಲ್ಲ, ಸಿಮ್ ಮ್ಯಾಲ ನಡೀಬೇಕು. ಟವರ್ ದೂರ. ಪೂರ್ತಿ ಚಿತ್ರ ಕಳಿಸ್ತೇನಿ ಅಂದ್ರ ದಿನದ ಡೇಟಾ ಮುಂಜಾನೆ ಹಾಲು ಹಿಂಡೂದ್ರಾಗ ಖಾಲಿ. ಅದಕ್ಕ ಚಿತ್ರ ಒತ್ತಿ ಸಣ್ಣದು ಮಾಡಿ ಕಳಸೂ ಹಂಗ ಇಟ್ಟೀನ್ರಿ. ಕಂಪ್ರೆಶನ್ ಅಂತಾರ."

"ಒತ್ತೂದು ಅಂದ್ರ? ಹತ್ತಿ ಒತ್ತಿದ ಹಂಗೇನು?"

"ಹಂಗಲ್ರಿ. ಮೊದಲ ಒಂದು ಪೂರ್ತಿ ಚಿತ್ರ ಕಳಸ್ತೈತಿ. ಆಮ್ಯಾಲ ಏನ್ ಬದಲಾತೋ ಅಷ್ಟ. ಗ್ವಾಡಿ ಹಂಗ ಐತಿ, ಕಂಬ ಹಂಗ ಐತಿ, ಅದನ್ನ ಮತ್ತ ಮತ್ತ ಯಾಕ ಕಳಸೂದು? ನಡುನಡುವ ಒಂದೊಂದು ಸಲ ಪೂರ್ತಿ ಚಿತ್ರ, ಉಳಿದದ್ದು ಬರೇ ಬದಲಾದದ್ದು."

ಅಡಿವೆಯ್ಯ ಚಹದ ಲೋಟ ಕೆಳಗಿಟ್ಟ. "ಊರಿಂದ ಬಂದ ಮನುಷ್ಯಾ ಸುದ್ದಿ ಹೇಳಿದಂಗ. ಗುಡಿ ಅಲ್ಲೇ ಐತಿ, ಬಾವಿ ಅಲ್ಲೇ ಐತಿ ಅಂತ ಹೇಳ್ತಾನೇನು? ಯಾರಿಗೆ ಕೂಸಾತು, ಯಾರು ಸತ್ರು, ಅಷ್ಟ ಹೇಳ್ತಾನ."

"ಭಾಳ ಬರೋಬ್ಬರಿ ಸರ್. ಸುದ್ದಿ ಭಾಳ ಇದ್ರ ಡೇಟಾ ಭಾಳ. ಏನೂ ನಡೀದಿದ್ರ ಡೇಟಾನೂ ಇಲ್ಲ." ಮುಜಾಫರನಿಗೆ ಧೈರ್ಯ ಬಂತು. "ಈ ಕೊಟ್ಟಿಗ್ಯಾಗ ನನಗ ಡೇಟಾ ಉಳಸೂದ ಆಗವಲ್ದು. ಜನ ಸುಮ್ಮನ ಕುಂತಾರು, ಎಮ್ಮಿ ಕುಂದ್ರೂದಿಲ್ಲ. ಬ್ಯಾಸಿಗಿ ನೊಣ ನೋಡ್ರಿ. ಆರು ಎಮ್ಮಿ, ಆರು ಬಾಲ, ಹನ್ನೆರಡು ಕಿವಿ. ಬಾಲ ಬೀಸಿದಷ್ಟೂ ಸಲ ಡೇಟಾ ಹೋಗ್ತೈತಿ."

ಜಾಹೀದಾ ನಕ್ಕಳು. ಅಡಿವೆಯ್ಯ ನಗಲಿಲ್ಲ. ಎದ್ದು ನಿಂತ.

ಅವನು ಹುಟ್ಟಿದ್ದು ಮುಂಡಗೋಡ ತಾಲೂಕಿನ ಚಿಗಳ್ಳಿ ಕಡೆ. ಶಾಲೆ ಬಿಟ್ಟ ಮೇಲೆ ಎಮ್ಮೆ ಬಾಲ ಹಿಡಿದೇ ಕೆರೆ ದಾಟಿದವನು. "ಆ ವಿಡಿಯೊ ಹಚ್ಚು ಮತ್ತ," ಅಂದ. "ಒಂದೂವರೆದು."

ಮೂವರೂ ಬಗ್ಗಿ ನೋಡಿದರು. ಆರು ಕಪ್ಪು ಗುಡ್ಡ. ಒಂದು ನಿಮಿಷ ಆಯಿತು, ಎರಡಾಯಿತು. ಬಾಲ ಆಡಲಿಲ್ಲ, ಕಿವಿ ಆಡಲಿಲ್ಲ, ಮೆಲುಕಿನ ಬಾಯಿ ಆಡಲಿಲ್ಲ.

"ನೆಟ್‌ವರ್ಕ್ ಹಿಡದಿರ್ತೈತ್ರಿ ಸರ್," ಜಾಹೀದಾ ಅಂದಳು. "ಯಾವಾಗ್ಲೂ ಹಿಂಗ ನಿಂತು ನಿಂತು ಬರ್ತೈತಿ. ಅದಕ್ಕ ಯಾರೂ ಲಕ್ಷ್ಯ ಕೊಟ್ಟಿಲ್ಲ."

"ನೆಟ್‌ವರ್ಕ್ ಹಿಡದಿದ್ರ ಆ ಮೂಲ್ಯಾಗಿನ ಗಡಿಯಾರ ಯಾಕ ಓಡ್ತೈತಿ?"

ಮೂಲೆಯಲ್ಲಿ ಸೆಕೆಂಡಿನ ಅಂಕಿಗಳು ಒಂದೂ ತಪ್ಪದೆ ಬದಲಾಗುತ್ತಿದ್ದವು. ಮುಜಾಫರನ ಮುಖ ಬದಲಾಯಿತು. ಅವನು ತನ್ನ ಫೋನಿನಲ್ಲಿ ಆ ಕೊಟ್ಟಿಗೆಯ ಸಿಮ್ಮಿನ ಲೆಕ್ಕ ತೆರೆದ. ಯಾವ ಹೊತ್ತಿಗೆ ಎಷ್ಟು ಡೇಟಾ ಹೋಗಿದೆ ಎಂದು ಗೆರೆ ಎಳೆದು ತೋರಿಸುತ್ತದೆ. ಶುಕ್ರವಾರ ಬೆಳಗಿನಿಂದ ಗೆರೆ ಗುಡ್ಡ ಹತ್ತಿ ಇಳಿದು ಮಾಡಿತ್ತು. ಒಂದೂ ಹತ್ತಕ್ಕೆ, ಚಿತ್ರ ಹೀಗೆಯೇ ಒಮ್ಮೆ ಒಡೆದಿದ್ದ ಹೊತ್ತಿಗೆ, ದಡಕ್ಕನೆ ಬಿದ್ದು ನೆಲಕ್ಕೆ ಅಂಟಿಕೊಂಡು ಹೋಗಿತ್ತು. ಎರಡೂ ಹದಿನೆಂಟಕ್ಕೆ ಮತ್ತೆ ಜಿಗಿದಿತ್ತು.

"ಕ್ಯಾಮೆರಾ ಚಾಲೂ ಐತ್ರಿ," ಮುಜಾಫರ ನಿಧಾನವಾಗಿ ಅಂದ. "ಆದ್ರ ಅದರ ಮುಂದ ಜೀವ ಇರೋದೇನೂ ಇಲ್ಲ. ಅದು ನೋಡಿದ್ದು ಎಮ್ಮಿ ಅಲ್ಲ ಸರ್. ಎಮ್ಮಿ ಫೋಟೊ."

ಅಡಿವೆಯ್ಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ಕರೀಮನ ಹತ್ತಿರ ಹೋದ. ನಿನ್ನೆಯ ದನಿ ಇರಲಿಲ್ಲ. "ಕರೀಂಸಾಬ, ನಿನ್ನೆ ಎರಡಕ್ಕ ಕೊಟ್ಟಿಗ್ಯಾಗ ಹೋದಾಗ ಕ್ಯಾಮೆರಾ ಮುಂದ ಏನಿತ್ತು?"

"ಏನಿಲ್ರಿ."

"ನೆನಪು ಮಾಡು. ಏನರ ಕಟ್ಟಿದ್ರೇನು?"

"ಫ್ಲೆಕ್ಸ್ ಕಟ್ಟಿದ್ರು. ತೊಲಿ ಕೆಳಗ, ಎರಡು ಕಂಬಕ್ಕ ಬಿಗಿದು. ಬೆನ್ನು ಬಿಳಿ ಇತ್ತು."

"ಅದನ್ನ ನಿನ್ನೆ ಯಾಕ ಬೊಗಳಲಿಲ್ಲ?"

ಕರೀಮ ನಿಜವಾಗಿ ಬೆರಗಾದ. "ಕೊಟ್ಟಿಗ್ಯಾಗ ಫ್ಲೆಕ್ಸ್ ಇರೂದು ಏನು ಹೊಸಾದ್ರಿ ಸಾಹೇಬ್ರ? ಬಿಸಲಿಗೆ ಸಿದ್ದಲಿಂಗಪ್ಪ ಕಟ್ಟಿರಬೇಕು ಅನಕೊಂಡೆ."

ಜೀಪು ಮತ್ತೆ ಹಳ್ಳಿಗೆ ಓಡಿತು. ಪಂಚರನ್ನು ಕರೆದು ಅಡಿವೆಯ್ಯ ಕೊಟ್ಟಿಗೆಯ ಒಂದೊಂದೇ ಫ್ಲೆಕ್ಸ್ ತಿರುವಿಸಿದ. ಹುಟ್ಟುಹಬ್ಬ, ಗೃಹಪ್ರವೇಶ, ಕ್ರಿಕೆಟ್ ಪಂದ್ಯ. ಕಡೆಗೆ ಹಿತ್ತಲಿನ ಮೇವಿನ ಬಣವೆಯ ಹತ್ತಿರ ಬಂದರು. ಬಣವೆಯ ಮೇಲೆ ಬಿಳಿ ಬೆನ್ನು ಮೇಲೆ ಮಾಡಿ ಹೊದಿಸಿದ್ದ ಹಾಳೆಯೊಂದಿತ್ತು, ಹೊಸದು. ಜಾಹೀದಾ ಒಂದು ಮೂಲೆ, ಅಡಿವೆಯ್ಯ ಒಂದು ಮೂಲೆ ಹಿಡಿದು ಮಗುಚಿದರು.

ಆರು ಎಮ್ಮೆಗಳು ಆಕಾಶ ನೋಡಿದವು.

ಪಂಚರಲ್ಲೊಬ್ಬ ಮುದುಕ, "ಯಪ್ಪಾ, ಚಂದ್ರಿ ಇಲ್ಲೇ ಅದಾಳಲ್ರಿ," ಅಂದ. ಆ ಹೊತ್ತಿನಲ್ಲೂ ನಾಲ್ಕು ಜನ ನಕ್ಕರು. ಹಾಳೆಯ ಕೆಳಗಿನ ಅಂಚನ್ನು ಒಳಕ್ಕೆ ಮಡಚಿ ಸೂಜಿಯಲ್ಲಿ ಹೊಲಿದಿತ್ತು. ಅಡಿವೆಯ್ಯ ದಾರ ಕಿತ್ತ. ಒಳಗೆ ಕೆಂಪು ಪಟ್ಟಿ. ಅದರಲ್ಲಿ ದಾಂಡೇಲಿಯ ಒಂದು ಫ್ಲೆಕ್ಸ್ ಅಂಗಡಿಯ ಹೆಸರು, ಫೋನ್ ನಂಬರು. ಯಾರ ಫೋಟೊ ಹಾಕಿದರೂ ಕೆಳಗೆ ತಮ್ಮ ಹೆಸರು ಹಾಕದೆ ಬಿಡುವ ಫ್ಲೆಕ್ಸಿನವರು ಈ ಸೀಮೆಯಲ್ಲಿ ಇಲ್ಲ.

ಶಿವಗಂಗಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನಿಮ್ಮ ಮೈದುನ ಎಲ್ಲಿ?"

"ಜೊಯಿಡಾ ಕಡೆ ಹುಡುಕ್ತೇನಂತ ಮುಂಜಾನೆನ ಹೋಗ್ಯಾನ್ರಿ."

"ಜೊಯಿಡಾಕ್ಕ ಹೋಗಂತ ಯಾರು ಹೇಳಿದ್ರು?"

ಅವಳು ಬಣವೆಯ ಹತ್ತಿರದ ಹಾಳೆಯತ್ತ ತಿರುಗಿದಳು. ಯಾರೂ ಹೇಳಿರಲಿಲ್ಲ.

ದಾಂಡೇಲಿಯ ಅಂಗಡಿಯಲ್ಲಿ ಡಿಸೈನ್ ಮಾಡುವ ಹುಡುಗಿ ಶಾಹೀನ ಚಿತ್ರ ನೋಡಿದ ಕೂಡಲೇ ಗುರುತು ಹಿಡಿದಳು.

"ಇದನ್ನ ಮರೀಲಿಕ್ಕೆ ಆಗ್ತೈತೇನ್ರಿ? ಎಮ್ಮಿ ಹುಟ್ಟುಹಬ್ಬ ಏನಣ್ಣಾ ಅಂತ ಕೇಳಿದ್ದೆ. ಸಿಟ್ಟಿಗೆದ್ದ. ಚಿತ್ರ ಮಸುಕೈತಿ, ಚಲೋದು ಕಳಸ್ರಿ ಅಂದ್ರ, ಮಸುಕ ಇರ್ಲಿ ಅಂದ. ಮೂಲ್ಯಾಗಿನ ಟೈಮ್ ಅಳಿಸು ಅಂದ, ಕೆಳಗ ನಿಮ್ಮ ಹೆಸರು ಬ್ಯಾಡ ಅಂದ. ಹೆಸರು ತಗದ್ರ ಮಾಲಕರು ನನ್ನ ತಗೀತಾರ ಅಂದೆ." ಅವಳು ಕಂಪ್ಯೂಟರಿನಲ್ಲಿ ಚಿತ್ರ ಕಳಿಸಿದ ನಂಬರು ತೋರಿಸಿದಳು. ಅದು ಸಿದ್ದಲಿಂಗನದು. ಎಫ್‌ಐಆರ್‌ನಲ್ಲಿ ಸಾಕ್ಷಿಯ ಕಾಲಮ್ಮಿನಲ್ಲಿ ಅವನೇ ಬರೆಸಿದ್ದ ನಂಬರು.

ಅಡಿವೆಯ್ಯ ಜೊಯಿಡಾ ರಸ್ತೆ ಹಿಡಿದ. ಕರೀಮನನ್ನು ಮುಂದೆ ತನ್ನ ಪಕ್ಕ ಕೂರಿಸಿಕೊಂಡ. "ನಿನ್ನ ಬೈದದ್ದು..." ಎಂದು ಶುರು ಮಾಡಿದವನು ಡ್ರೈವರನ ಕಡೆ ತಿರುಗಿ, "ಎತ್ತಿನ ಗಾಡಿ ಹೊಡ್ಯಾಕ ಹತ್ತೀಯೇನಲೇ? ಜಲ್ದಿ ನಡಿ," ಎಂದು ಗದರಿದ.

"ಇರ್ಲಿ ಬಿಡ್ರಿ," ಕರೀಮ ಕಿಟಕಿಯಾಚೆ ನೋಡುತ್ತ ಅಂದ. "ಎರಡು ಹೊತ್ತು ತಪ್ಪಿತು ಸಾಹೇಬ್ರ, ಅಕೀನ ಹಿಂಡೂದು."

ಜೊಯಿಡಾದಲ್ಲಿ ದನ ಹುಡುಕುವುದು ಕಷ್ಟವಲ್ಲ. ಬಸ್ಸೇ ಅಪರೂಪಕ್ಕೆ ಬರುವ ಊರಿಗೆ ಹೊರಗಿನ ಎಮ್ಮೆ ಬಂದರೆ ಅದು ಸುದ್ದಿ. ಚಹದಂಗಡಿಯವನು ಕೇಳುವ ಮೊದಲೇ ಹೇಳಿದ: ಹಾಲಿನ ಟೆಂಪೊದಲ್ಲಿ ನಿನ್ನೆ ರಾತ್ರಿ ಬಂತು, ಕ್ಯಾಸಲ್‌ರಾಕ್ ದಾರಿಯಲ್ಲಿ ಮಹಾದೇವಕ್ಕನ ಬಿಡಾರದ ಹಿಂದೆ ಕಟ್ಟಿದ್ದಾರೆ, ಬೆಳಗಿನಿಂದ ಒಂದೇ ಸಮ ಒದರುತ್ತಿದೆ.

ಜೀಪು ದೂರ ನಿಲ್ಲಿಸಿ ನಡೆದು ಹೋದರು. ಮಧ್ಯಾಹ್ನ ಮೂರು ಗಂಟೆ. ಮಾವಿನ ಮರದ ಕೆಳಗೆ ಚಂದ್ರಿ ಹಿಂಗಾಲು ಅಗಲಿಸಿ ನಿಂತಿದ್ದಳು. ಕೆಚ್ಚಲು ಬಿಗಿದು ಹೊಳೆಯುತ್ತಿತ್ತು. ಪಕ್ಕದಲ್ಲಿ ಸಿದ್ದಲಿಂಗ ಚೊಂಬು ಹಿಡಿದು ಕುಕ್ಕರಿಸಿದ್ದ. ಅಂಗಿಯೆಲ್ಲ ಸಗಣಿ, ಮೊಣಕೈ ತರಚಿ ರಕ್ತ. ಹಿಂಡಿ, ಬೆಲ್ಲ, ಹಸಿ ಹುಲ್ಲು ಎಲ್ಲ ಎಮ್ಮೆಯ ಮುಂದೆ ಹಾಗೇ ಬಿದ್ದಿದ್ದವು. ಕೈ ಮುಂದೆ ಮಾಡಿದ. ಚಂದ್ರಿ ಒದ್ದಳು. ಚೊಂಬು ಉರುಳಿ ಅಡಿವೆಯ್ಯನ ಬೂಟಿನ ಹತ್ತಿರ ಬಂದು ನಿಂತಿತು. ಒಳಗೆ ಒಂದು ಹನಿ ಇರಲಿಲ್ಲ.

ಸಿದ್ದಲಿಂಗ ಓಡಲಿಲ್ಲ. ಪೊಲೀಸರನ್ನು ದಾಟಿ ಅವನ ಕಣ್ಣು ಕರೀಮನ ಮೇಲೆ ನಿಂತಿತು.

"ಚಾಚಾ, ಹಾಲ ಇಳಸವಲ್ಲಳು," ಅಂದ. "ಬ್ಯಾನಿ ತಿನ್ನಾಕ ಹತ್ಯಾಳ. ಜಲ್ದಿ ನೋಡು."

ಕರೀಮ ತೋಳು ಮೇಲೇರಿಸಿದ. ಕೈ ತೊಳೆದ. ಬಿಸಿನೀರು ಕೇಳಿದ, ಮಹಾದೇವಕ್ಕ ತಂದುಕೊಟ್ಟಳು. ಬಟ್ಟೆ ಅದ್ದಿ ಕೆಚ್ಚಲಿಗೆ ಒತ್ತಿ ಹಿಡಿದು, ಹಣೆಯನ್ನು ಚಂದ್ರಿಯ ಪಕ್ಕೆಗೆ ಆನಿಸಿ, ಬಾಯಲ್ಲಿ ಏನೋ ಗುನುಗುತ್ತ ಬಹಳ ಹೊತ್ತು ಹಾಗೇ ಕೂತ. ಅಡಿವೆಯ್ಯನಂಥ ಅಡಿವೆಯ್ಯ ಕೂಡ ಉಸಿರು ಬಿಗಿಹಿಡಿದು ನಿಂತಿದ್ದ. ಆಮೇಲೆ ಚೊಂಬಿನ ತಳಕ್ಕೆ ಹಾಲಿನ ಧಾರೆ ಬಿದ್ದ ಸದ್ದು ಕೇಳಿಸಿತು. ಮೊದಲು ಎಳೆಯಷ್ಟು, ಆಮೇಲೆ ಸರಾಗವಾಗಿ. ಚಂದ್ರಿ ಬಾಲವೆತ್ತಿ ನೊಣ ಓಡಿಸಿದಳು. ಬಾಲ ಕರೀಮನ ಕೆನ್ನೆಗೆ ಬಡಿಯಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಕೆಚ್ಚಲ ಉಳಿತ್ರಿ," ಅಂದ.

ಮೂರೂ ನಲವತ್ತಕ್ಕೆ ಸಿದ್ದಲಿಂಗನನ್ನು ದಸ್ತಗಿರಿ ಮಾಡಲಾಯಿತು. ಅಡಿವೆಯ್ಯ ಅಲ್ಲೇ ಕಲ್ಲಿನ ಮೇಲೆ ಕೂತು ಪ್ರಶ್ನೆ ಕೇಳಿದ, ಜಾಹೀದಾ ಬರೆದುಕೊಂಡಳು.

"ಎಮ್ಮಿ ಎಲ್ಲಿ ಇಟ್ಟಿದ್ದಿ ಮೊದಲ?"

"ಹೊಲದಾಚೆ ಹಳೇ ಇಟ್ಟಿಗಿ ಭಟ್ಟ್ಯಾಗ. ಹೊಡಕೊಂಡು ಹೋಗೂದ್ರಾಗ ಸಾಕಾತು, ಹೆಜ್ಜಿಗೊಮ್ಮೆ ನಿಂತಳು. ಅದಕ್ಕ ಫ್ಲೆಕ್ಸ್ ಬಿಚ್ಚಾಕ ತಡಾ ಆತು. ಠಾಣೆಯಿಂದ ಬಂದ ಮ್ಯಾಲ ಟೆಂಪೊದಾಗ ಇಲ್ಲಿ ತಂದೆ."

"ಮಾರಾಕ?"

"ಇಲ್ರಿ." ಅವನಿಗೆ ಆ ಮಾತು ಚುಚ್ಚಿತು. "ಒಂದು ವಾರ ಬಿಟ್ಟು, ಸಿಕ್ಕಳು ಅಂತ ನಾನ ಕರಕೊಂಡು ಹೋಗಾವ ಇದ್ದೆ. ಅಷ್ಟೊತ್ತಿಗೆ ಚಾಚಾನ್ನ ಕೆಲಸದಿಂದ ಬಿಡಿಸಿರ್ತಿದ್ರು."

"ಅಂವ ನಿನಗೇನು ಮಾಡಿದ್ದ?"

ಸಿದ್ದಲಿಂಗ ತರಚಿದ ಮೊಣಕೈ ಒರೆಸಿಕೊಳ್ಳುತ್ತ ಹೇಳತೊಡಗಿದ. ಮೂರು ವರ್ಷದ ಹಿಂದೆ ಅಣ್ಣ ತೀರಿಕೊಂಡಾಗ ಹೈನ ಇನ್ನು ಇವನದೇ ಎಂದು ಊರವರೆಲ್ಲ ಅಂದಿದ್ದರು. ಅವನೂ ಹಾಗೇ ತಿಳಿದಿದ್ದ. ಮೊದಲ ದಿನ ಚಂದ್ರಿಯ ಕೆಳಗೆ ಕೂತ, ಚಂದ್ರಿ ಒದ್ದಳು. ಡೇರಿಗೆ ಹೊತ್ತಾಗುತ್ತಿತ್ತು. ವೈನಿ ಒಳಗಿನಿಂದಲೇ, "ಬಿಡು ಸಿದ್ದು, ಕರೀಮಣ್ಣ ಹಿಂಡ್ತಾನ," ಅಂದಳು. ಅಂದಿನಿಂದ ಯಾರೂ ಅವನನ್ನು ಎಮ್ಮೆಯ ಹತ್ತಿರ ಕರೆಯಲಿಲ್ಲ. ಕ್ಯಾನು ತುಂಬಿದ ಮೇಲೆ ಟೆಂಪೊ ಹೊಡೆಯುವುದಷ್ಟೇ ಅವನ ಪಾಲಿಗೆ ಉಳಿಯಿತು. ಚಾಚಾ ಇಲ್ಲದಿದ್ದರೆ ಎಮ್ಮೆಗಳು ಇವನ ಕೈಗೆ ಬರಲೇಬೇಕಲ್ಲ, ಇಷ್ಟೇ ಅವನ ಲೆಕ್ಕ. ಹಳ್ಳಿಯ ಜನ ಕರೀಮನ ಬಗ್ಗೆ ಏನೇನು ಆಡಿಕೊಂಡಾರು ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ ಎಂದು ಹೇಳಿದ.

"ಇರಲಿಲ್ಲೇನು?" ಅಡಿವೆಯ್ಯನ ಕಣ್ಣು ಕೆಂಪಾಯಿತು. "ನಿನ್ನೆ ಅಂಗಳದಾಗ ನಾ ಇರದಿದ್ರ ಈ ಮುದುಕನ ಗತಿ ಏನಾಗ್ತಿತ್ತು ಗೊತ್ತೇನ ನಿನಗ?"

ಸಿದ್ದಲಿಂಗ ಅಳತೊಡಗಿದ.

ಕರೀಮ ಹಾಲಿನ ಚೊಂಬನ್ನು ಮಹಾದೇವಕ್ಕನ ಕೈಗೆ ಕೊಟ್ಟು ಬಂದು ಎದುರಿಗೆ ನಿಂತ. ಒಂದು ಏಟು ಬಿದ್ದೀತು ಎಂದು ಜಾಹೀದಾ ಅಂದುಕೊಂಡಳು. ಕರೀಮ ಸಿದ್ದಲಿಂಗನ ಬಲಗೈ ಎತ್ತಿ ಬೆಳಕಿಗೆ ಹಿಡಿದ.

"ಇದೇನಿದು? ಇಷ್ಟುದ್ದ ಉಗುರ ಇಟ್ಟೀ. ಇದರಿಂದ ಮೊಲಿ ಹಿಡದ್ರ ಯಾವ ಎಮ್ಮಿ ನಿಂತೀತು? ಹೆಣ್ಣು ಜೀವ ಐತಿ ಅದು."

"ಯಾರೂ ಹೇಳಲಿಲ್ಲ ಚಾಚಾ."

"ನೀನೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ತಪ್ಪೈತಿ." ಕೈ ಬಿಟ್ಟ. "ಕೇಸು ಏನಾಗ್ತೈತೋ ಅದು ಸಾಹೇಬ್ರಿಗೆ, ಕೋರ್ಟಿಗೆ ಬಿಟ್ಟದ್ದು. ನಾ ಮಾಫಿ ಗೀಫಿ ಅನ್ನೂದಿಲ್ಲ. ಎಲ್ಲಾ ಮುಗಿಸ್ಕೊಂಡು ಬಾ. ಮೊದಲ ಸಣ್ಣ ಎಮ್ಮಿ ಮ್ಯಾಲ ಕಲಿ. ಇಕಿ ಹತ್ರ ಆಮ್ಯಾಲ."

ಸಂಜೆ ಠಾಣೆಗೆ ಬಂದ ಶಿವಗಂಗಾ ಮೊದಲು ಕರೀಮನ ಮುಂದೆ ನಿಂತಳು. ಅವನ ಟೊಪ್ಪಿಗೆಗೆ ಅಂಟಿದ್ದ ಹುಲ್ಲುಕಡ್ಡಿ ತೆಗೆದುಹಾಕಿದಳು. ಆಮೇಲೆ ಮೈದುನನ ಹತ್ತಿರ ಹೋಗಿ, "ನಾ ಅಂದ ಮಾತು ನನಗ ನೆನಪೂ ಇಲ್ಲೋ ಸಿದ್ದು," ಅಂದಳು.

ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ಕಾಗದಗಳು ಸಿದ್ಧವಾದಾಗ ಬೆಳಗಾಗಿತ್ತು. ಹೊರಡುವ ಮುಂಚೆ ಸಿದ್ದಲಿಂಗ ಜಾಹೀದಾಳನ್ನು ಮೆಲ್ಲಗೆ ಏನೋ ಕೇಳಿದ. ಅವಳು ಬಂದು ಸಾಹೇಬರಿಗೆ ಹೇಳಿದಳು: ಉಗುರು ಕತ್ತರಿಸಿಕೊಳ್ಳಬೇಕಂತೆ.

"ಇದೇನು ಹಜಾಮತಿ ಅಂಗಡಿಯೇನು?" ಅಡಿವೆಯ್ಯ ಸಿಡುಕಿದ. ಲಾಕಪ್ಪಿನಲ್ಲಿದ್ದವನ ಕೈಗೆ ಹರಿತವಾದದ್ದು ಕೊಡುವಂತಿಲ್ಲ ಎಂದು ನಿಯಮ ಒದರಿದ. ಒದರುತ್ತಲೇ ಜೇಬಿನಿಂದ ಮೋಟರ್‌ಸೈಕಲ್ಲಿನ ಕೀಲಿಗೊಂಚಲು ತೆಗೆದು, ಅದರಲ್ಲಿದ್ದ ನೇಲ್ ಕಟರ್ ಬಿಚ್ಚಿ, ಸ್ಟೂಲು ಎಳೆದುಕೊಂಡು ಹುಡುಗನ ಎದುರಿಗೆ ಕೂತ.

"ಕೈ ಚಾಚು," ಅಂದ. "ಹೆಬ್ಬೆರಳು ಮೊದಲ."